ತಾಲೂಕು ಮಟ್ಟದಲ್ಲಿ ಹೈಸ್ಕೂಲ್ ಮಕ್ಕಳಿಗೆ ರೋಬೋಟ್ ಸ್ಪರ್ಧೆ ಮಾಡೋದು ಹೇಗೆ: ಟಾಸ್ಕ್ ಡಿಸೈನಿಂದ ಹಿಡಿದು ಹಲಗೆ ಎತ್ತಿಡೋವರೆಗೆ

ರೋಬೋಟ್ ಸ್ಪರ್ಧೆ ಮಾಡ್ಬೇಕು ಅಂತ ಯಾರಾದ್ರೂ ಫೋನ್ ಮಾಡಿದ್ರೆ ಮೊದಲು ಕೇಳೋದೇ ಹಾಲ್ ಎಷ್ಟು ದೊಡ್ಡದಿರ್ಬೇಕು, ಬಹುಮಾನ ಎಷ್ಟಿಡ್ಬೇಕು, ಚೀಫ್ ಗೆಸ್ಟ್ ಯಾರನ್ನ ಕರೆಯೋದು ಅಂತ. ನಾನು ಹೇಳೋದು ಒಂದೇ, ಅದೆಲ್ಲ ಆಮೇಲೆ. ಮೊದಲು ನೀವೇ ಎರಡು ಸಂಜೆ ಕೂತು ಅತೀ ಕಡಿಮೆ ಖರ್ಚಿನ ಸಾಮಾನಲ್ಲಿ ಒಂದು ರೋಬೋಟ್ ಕಟ್ಟಿ, ಮಕ್ಕಳಿಗೆ ಏನು ಟಾಸ್ಕ್ ಕೊಡ್ತೀರೋ ಅದನ್ನ ಅದರ ಕೈಲಿ ಮಾಡಿಸಿ. ಮಾಡ್ತು ಅಂದ್ರೆ ರೂಲ್ಸ್ ಬರೆಯೋಕೆ ಕೂತ್ಕೊಳ್ಳಿ, ಮಾಡ್ಲಿಲ್ಲ ಅಂದ್ರೆ ಟಾಸ್ಕ್ ಬದಲಾಯಿಸಿ. ಸ್ಪರ್ಧೆನ ಗೆಲ್ಲೋ ಟೀಮಿಗೋಸ್ಕರ ಡಿಸೈನ್ ಮಾಡೋದಲ್ಲ, ಲ್ಯಾಬ್ ಇಲ್ಲದ, ಲ್ಯಾಪ್‌ಟಾಪ್ ಇಲ್ಲದ, ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದಿರೋ ಶಾಲೆಯ ಟೀಮಿಗೋಸ್ಕರ ಡಿಸೈನ್ ಮಾಡ್ಬೇಕು. ಗೆಲ್ಲೋರು ಹೇಗಿದ್ರೂ ಗೆಲ್ತಾರೆ. ಆ ಕೊನೇ ಟೀಮಿನ ರೋಬೋಟ್ ಕೂಡ ಟ್ರ್ಯಾಕ್ ಮೇಲೆ ಒಂದಿಷ್ಟು ದೂರ ಓಡಿ, ಒಂದಿಷ್ಟು ಪಾಯಿಂಟ್ ತಗೊಂಡು ಮನೆಗೆ ಹೋಗ್ಬೇಕು.

ಇದು ನನ್ನ ಸ್ವಂತ ತಲೆಯಿಂದ ಬಂದಿದ್ದಲ್ಲ. ಅಮೆರಿಕದ ಎಂಐಟಿಲಿ ವುಡಿ ಫ್ಲವರ್ಸ್ ಅಂತ ಒಬ್ಬ ಪ್ರೊಫೆಸರ್ ಇದ್ರು, ಅವರ ಡಿಸೈನ್ ಕ್ಲಾಸಲ್ಲಿ ಎಲ್ಲಾ ವಿದ್ಯಾರ್ಥಿಗಳಿಗೂ ಒಂದೇ ಥರದ ಸಾಮಾನಿನ ಚೀಲ ಕೊಟ್ಟು ಕೊನೆಗೆ ಯಂತ್ರಗಳ ನಡುವೆ ಸ್ಪರ್ಧೆ ಇಡ್ತಿದ್ರು. ಆ ಯೋಚನೆನೇ ಮುಂದೆ ಡೀನ್ ಕೇಮನ್ ಅನ್ನೋ ಇನ್ವೆಂಟರ್ 1989ರಲ್ಲಿ ಶುರು ಮಾಡಿದ 'ಫಸ್ಟ್' ಅನ್ನೋ ಹೆಸರಿನ ಸಂಸ್ಥೆಗೆ ಬಂತು, 1992ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಒಂದು ಹೈಸ್ಕೂಲ್ ಜಿಮ್ಮಲ್ಲಿ 28 ಟೀಮಿಂದ ಅವರ ಮೊದಲ ಸ್ಪರ್ಧೆ ನಡೀತು. ಇವತ್ತು ಅದು ಎಷ್ಟು ದೊಡ್ಡದಾಗಿದೆ ಅಂತ ಗೊತ್ತಿರೋರಿಗೆ ಗೊತ್ತು, ಶುರುವಾಗಿದ್ದು ಮಾತ್ರ ಒಂದು ಶಾಲೆಯ ಆಟದ ಹಾಲಲ್ಲಿ. ನಮ್ಮ ತಾಲೂಕಿಗೆ 24 ಟೀಮ್ ಸಾಕು. ಈ ಬರಹದಲ್ಲಿ ಲೆಕ್ಕ ಎಲ್ಲ 24 ಟೀಮಿಗೇ ಹಾಕಿದೀನಿ, ಒಂದು ಟೀಮಿಗೆ 4 ಮಕ್ಕಳು, ಒಬ್ರು ಮೇಷ್ಟ್ರು ಅಥವಾ ಮೇಡಂ.

ಟಾಸ್ಕ್: ಊರಿಗೆ ಗೊತ್ತಿರೋ ಕಥೆ ಇರ್ಲಿ

ಎಬಿಯು ರೋಬೋಕಾನ್ ಅಂತ ಏಷ್ಯಾ ಪೆಸಿಫಿಕ್ ದೇಶಗಳ ಕಾಲೇಜು ಮಟ್ಟದ ಸ್ಪರ್ಧೆ ಇದೆ, 2002ರಿಂದ ನಡೀತಿದೆ, ಅದರಲ್ಲಿ ಆ ವರ್ಷ ಯಾವ ದೇಶ ನಡೆಸತ್ತೋ ಅದೇ ಥೀಮ್ ಕೊಡತ್ತೆ. 2008ರಲ್ಲಿ ಪುಣೆಲಿ ಆದಾಗ ಗೋವಿಂದ, ಅಂದ್ರೆ ಮೊಸರು ಗಡಿಗೆ ಒಡೆಯೋ ಆಟನೇ ಥೀಮ್. ನೋಡೋಕೆ ಬಂದ ಯಾರಿಗೂ ರೋಬೋಟ್ ಏನು ಮಾಡ್ತಿದೆ ಅಂತ ವಿವರಿಸೋ ಅಗತ್ಯನೇ ಬರದೇ ಇರೋ ಥೀಮ್ ಅದು. ನೀವೂ ಹಾಗೇ ಮಾಡಿ. ಮಂಗಳನ ಮೇಲೆ ಕಲ್ಲು ಆರಿಸೋ ರೋವರ್ ಅಂತ ಎಲ್ಲರೂ ಇಡ್ತಾರೆ, ನಾವು ಇಟ್ಟಿದ್ದು ಹಾಲಿನ ರೂಟ್. ನಮ್ಮ ಕಡೆ ಪ್ರತಿ ಮಗುವಿಗೂ ಗೊತ್ತು, ಬೆಳಿಗ್ಗೆ ಊರಿನ ಡೈರಿ ಮುಂದೆ ವ್ಯಾನ್ ಬರತ್ತೆ, ಕ್ಯಾನ್ ಹತ್ತಿಸ್ಕೊಳ್ಳತ್ತೆ, ಮುಂದಿನ ಊರಿಗೆ ಹೋಗತ್ತೆ, ಕೊನೆಗೆ ಚಿಲ್ಲಿಂಗ್ ಸೆಂಟರ್ ಸೇರತ್ತೆ.

ರೋಬೋಟಿನ ಕೆಲಸ ಇಷ್ಟೇ: ಬಿಳಿ ಹಲಗೆ ಮೇಲೆ ಕಪ್ಪು ಗೆರೆ ಹಿಡ್ಕೊಂಡು ಹೋಗ್ಬೇಕು, ದಾರಿಲಿ 5 ಊರು, ಪ್ರತಿ ಊರಲ್ಲೂ 3 ಸೆಕೆಂಡ್ ನಿಲ್ಬೇಕು, ಕೊನೆಗೆ ಚಿಲ್ಲಿಂಗ್ ಸೆಂಟರ್ ಚೌಕದೊಳಗೆ ಬಂದು ಪೂರ್ತಿ ನಿಂತುಬಿಡ್ಬೇಕು. ರಿಮೋಟ್ ಇಲ್ಲ, ಬ್ಲೂಟೂತ್ ಇಲ್ಲ, ಸ್ವಿಚ್ ಆನ್ ಮಾಡಿ ಕೈ ಬಿಟ್ಟಮೇಲೆ ಅದರ ಪಾಡಿಗೆ ಅದು.

ಈ ಟಾಸ್ಕಲ್ಲಿ ಒಂದು ಗುಟ್ಟಿದೆ, ಎರಡೇ ಎರಡು ಐಆರ್ ಸೆನ್ಸರ್ ಇರೋ ರೋಬೋಟ್ ಕೂಡ ಇದನ್ನ ಪೂರ್ತಿ ಮಾಡ್ಬಹುದು. ಐಆರ್ ಸೆನ್ಸರ್ ಅಂದ್ರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬಂತಾ ಅಂತ ನೋಡಿ ಬಿಳಿ ಕಪ್ಪು ಗುರುತಿಸೋ ಸಾಮಾನು. ಗೆರೆಯ ಆ ಕಡೆ ಒಂದು, ಈ ಕಡೆ ಒಂದು ಸೆನ್ಸರ್. ಎರಡಕ್ಕೂ ಬಿಳಿ ಕಂಡ್ರೆ ನೇರ ಹೋಗು, ಎಡಗಡೆದಕ್ಕೆ ಕಪ್ಪು ಕಂಡ್ರೆ ಎಡಕ್ಕೆ ತಿರುಗು, ಬಲಗಡೆದಕ್ಕೆ ಕಂಡ್ರೆ ಬಲಕ್ಕೆ. ಊರು ಬಂತು ಅಂತ ಗೊತ್ತಾಗೋಕೆ ಗೆರೆಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಹಾಕಿರ್ತೀರಿ, ಆಗ ಎರಡೂ ಸೆನ್ಸರಿಗೆ ಒಟ್ಟಿಗೆ ಕಪ್ಪು ಕಾಣತ್ತೆ, ಅದೇ ಸ್ಟಾಪ್. ನಿಂತು ಮತ್ತೆ ಹೊರಡುವಾಗ ಅದೇ ಪಟ್ಟಿನ ಇನ್ನೊಂದು ಊರು ಅಂತ ಎಣಿಸಿಬಿಡತ್ತೆ, ಅದಕ್ಕೆ ಹೊರಟ ತಕ್ಷಣ ಸೆನ್ಸರ್ ನೋಡದೆ ಒಂದಷ್ಟು ಮಿಲಿಸೆಕೆಂಡ್ ಮುಂದೆ ಹೋಗು ಅಂತ ಕೋಡಲ್ಲಿ ಬರೀಬೇಕು. ಇದನ್ನ ದಯವಿಟ್ಟು ನೀವು ಹೇಳಿಕೊಡೋಕೆ ಹೋಗ್ಬೇಡಿ. ರೋಬೋಟ್ ಒಂದೇ ಊರಲ್ಲಿ ಐದು ಸಲ ನಿಂತ್ಕೊಂಡು ಐದು ಊರು ಮುಗೀತು ಅಂದ್ಕೊಳ್ಳೋದನ್ನ ನೋಡಿ, ಹತ್ತು ನಿಮಿಷ ತಲೆ ಕೆರ್ಕೊಂಡು, ಓಹೋ ಅಂತ ಮಕ್ಕಳೇ ಕಂಡ್ಕೊಳ್ಳೋ ಜಾಗ ಅದು.

ಟ್ರ್ಯಾಕ್: ಹಣ ಉಳಿಸೋದು ಬೇರೆ ಕಡೆ, ಇಲ್ಲಲ್ಲ

8 ಅಡಿ 4 ಅಡಿ ಪ್ಲೈವುಡ್ ಶೀಟ್ ಎರಡನ್ನ ಪಕ್ಕಪಕ್ಕ ಇಟ್ರೆ 8ಕ್ಕೆ 8 ಅಡಿ ಆಗತ್ತೆ, ಅದರಲ್ಲಿ ಸುಮಾರು 8 ಮೀಟರ್ ಉದ್ದದ ದಾರಿ ಆರಾಮಾಗಿ ಕೂರತ್ತೆ. ನಿಮಗೆ ಒಂದೇ ಥರದ ಎರಡು ಟ್ರ್ಯಾಕ್ ಬೇಕು, ಅಂದ್ರೆ 4 ಶೀಟ್. ತೆಳು ಶೀಟ್ ತಗೊಂಡ್ರೆ ಮೂಲೆ ಬಾಗಿ ಎದ್ದು ನಿಲ್ಲತ್ತೆ, 12 ಎಂಎಂ ತಗೊಳ್ಳಿ. ಎರಡು ಶೀಟ್ ಸೇರೋ ಕಡೆ ಬೆರಳಿಟ್ಟು ಸವರಿ ನೋಡಿ, ಒಂದು ಎರಡು ಎಂಎಂ ಮೆಟ್ಟಿಲಿದ್ರೂ ರೋಬೋಟಿನ ಮುಂದಿನ ಕ್ಯಾಸ್ಟರ್ ವೀಲ್ (ಎಲ್ಲಾ ಕಡೆ ತಿರುಗೋ ಸಣ್ಣ ಚಕ್ರ) ಅಲ್ಲೇ ಸಿಕ್ಕಾಕ್ಕೊಳ್ಳತ್ತೆ, ತಗ್ಗಿರೋ ಕಡೆ ಕೆಳಗೆ ರಟ್ಟು ಕೊಟ್ಟು ಸಮ ಮಾಡಿ. ಆ ಜಾಯಿಂಟ್ ಮೇಲೆ ಗೆರೆ ನೇರವಾಗೇ ದಾಟ್ಬೇಕು, ತಿರುವು ಇರಬಾರದು.

ಫ್ಲೆಕ್ಸ್ ಪ್ರಿಂಟ್ ಹಾಕಿಸಿದ್ರೆ ಬೇಗ ಆಗತ್ತೆ ಅಂತ ಎಲ್ಲರೂ ಹೇಳ್ತಾರೆ. ಫ್ಲೆಕ್ಸ್ ಹೊಳೆಯತ್ತೆ, ಸುತ್ತಿಟ್ಟಿದ್ದನ್ನ ಬಿಚ್ಚಿದ್ರೆ ಅಲೆ ಅಲೆ ಎದ್ದಿರತ್ತೆ, ಬೇಡ. ಹಲಗೆಗೆ ಪ್ರೈಮರ್ ಹೊಡೆದು ಮೇಲೆ ಬಿಳಿ ಮ್ಯಾಟ್ ಪೇಂಟ್ ಎರಡು ಕೋಟ್, ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ 30 ಎಂಎಂ ಅಗಲದ ಗೆರೆಗೆ ಕಪ್ಪು ಮ್ಯಾಟ್ ಪೇಂಟ್. ಇಲ್ಲೊಂದು ಹುಷಾರಿನ ವಿಷಯ, ಕಣ್ಣಿಗೆ ಕಪ್ಪಾಗಿ ಕಾಣೋದೆಲ್ಲ ಐಆರ್ ಸೆನ್ಸರಿಗೆ ಕಪ್ಪಲ್ಲ. ಕೆಲವು ಕಪ್ಪು ಇಂಕು, ಕೆಲವು ಟೇಪು ಇನ್‌ಫ್ರಾರೆಡ್ ಬೆಳಕನ್ನ ಚೆನ್ನಾಗೇ ವಾಪಸ್ ಕಳಿಸ್ತವೆ, ಸೆನ್ಸರ್ ಅದನ್ನ ಬಿಳಿ ಅಂತಾನೇ ಓದತ್ತೆ. ಹಾಗಾಗಿ ಡಬ್ಬ ತಂದ ದಿನವೇ ಒಂದು ತುಂಡು ಹಲಗೆ ಮೇಲೆ ಬಳಿದು, ಸೆನ್ಸರ್ ಹಿಡಿದು ನೋಡಿ, ಆಮೇಲೆ ಪೂರ್ತಿ ಗೆರೆ ಎಳೀರಿ.

ಗೆರೆ ಎಳೆಯುವಾಗ ಅಳತೆ ಹೀಗಿಟ್ಕೊಳ್ಳಿ: ಹಲಗೆಯ ಅಂಚಿಂದ ಗೆರೆಗೆ ಕನಿಷ್ಠ 20 ಸೆಂಟಿಮೀಟರ್, ತಿರುವಿನ ರೇಡಿಯಸ್ 15 ಸೆಂಟಿಮೀಟರಿಗಿಂತ ಕಮ್ಮಿ ಬೇಡ, ಊರಿನ ಅಡ್ಡಪಟ್ಟಿ 30 ಎಂಎಂ ಅಗಲ 20 ಸೆಂಟಿಮೀಟರ್ ಉದ್ದ. ಪಟ್ಟಿಯ ಹಿಂದೆ ಮುಂದೆ ಕನಿಷ್ಠ 20 ಸೆಂಟಿಮೀಟರ್ ದಾರಿ ನೇರ ಇರ್ಲೇಬೇಕು, ಯಾಕಂದ್ರೆ ರೋಬೋಟ್ ಓರೆಯಾಗಿ ಬಂದ್ರೆ ಒಂದು ಸೆನ್ಸರ್ ಮೊದಲು ಕಪ್ಪು ನೋಡಿ, ಅದನ್ನ ತಿರುವು ಅಂದ್ಕೊಂಡು ಆ ಕಡೆಗೆ ತಿರುಗಿಬಿಡತ್ತೆ. ಇದೇ ಕಾರಣಕ್ಕೆ 90 ಡಿಗ್ರಿ ಮೂಲೆ ಇಡಬೇಡಿ, ಎರಡು ಸೆನ್ಸರಿನ ರೋಬೋಟಿಗೆ ಆ ಮೂಲೆ ಕೂಡ ಊರಿನ ಥರ ಕಾಣ್ಬಹುದು. ಮೊದಲ ಎರಡು ಊರಿಗೆ ಹೆಚ್ಚು ಕಮ್ಮಿ ನೇರ ದಾರಿ, ಮೂರಕ್ಕೆ ದೊಡ್ಡ ತಿರುವು, ನಾಲ್ಕು ಐದಕ್ಕೆ ಹಾವಿನ ಥರ ಡೊಂಕು. ಕೊನೆಗೆ 40ಕ್ಕೆ 40 ಸೆಂಟಿಮೀಟರ್ ಚೌಕ, ಅದರ ಒಳಗೆ ಆರನೇ ಪಟ್ಟಿ.

ಮಕ್ಕಳ ಕೈಗೆ ಯಾವ ಸಾಮಾನು

ಆರ್ಡುಯಿನೊ ಊನೊ ಬೋರ್ಡ್ (ರೋಬೋಟಿನ ಮೆದುಳು, ಕೋಡ್ ಹಾಕೋದು ಇದಕ್ಕೇ), ಎಲ್298ಎನ್ ಮೋಟರ್ ಡ್ರೈವರ್ (ಬೋರ್ಡ್ ಹೇಳಿದ ಹಾಗೆ ಮೋಟರಿಗೆ ಕರೆಂಟ್ ಕೊಡೋದು), ಹಳದಿ ಬಣ್ಣದ ಬಿಒ ಮೋಟರ್ (ಗೇರ್ ಇರೋ ಸಣ್ಣ ಮೋಟರ್) ಎರಡು, 65 ಎಂಎಂ ವೀಲ್ ಎರಡು, ಕ್ಯಾಸ್ಟರ್ ಒಂದು, ಐಆರ್ ಸೆನ್ಸರ್ ಮಾಡ್ಯೂಲ್ ಎರಡು, ಸ್ವಿಚ್, ಬ್ಯಾಟರಿ ಹೋಲ್ಡರ್. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದೇ ಗಂಟೇಲಿ ಎಲ್ಲ ಸಿಗತ್ತೆ, ಆನ್‌ಲೈನಲ್ಲೂ ಸಿಗತ್ತೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಇರೋ ಶಾಲೆಗಳಲ್ಲಿ ಇಂಥ ಸಾಮಾನು ಸಾಮಾನ್ಯವಾಗಿ ಇರತ್ತೆ, ಆ ಯೋಜನೇಲಿ ಒಂದು ಶಾಲೆಗೆ 20 ಲಕ್ಷದವರೆಗೆ ಅನುದಾನ ಇದೆ, 6ರಿಂದ 12ನೇ ಕ್ಲಾಸಿನ ಮಕ್ಕಳಿಗೆ ಅಂತಲೇ ಮಾಡಿರೋದು. ಲ್ಯಾಬ್ ಇಲ್ಲದ ಶಾಲೆಗಳಿಗೆ ನೀವು ಕನಿಷ್ಠ 6 ಕಿಟ್ ಕಡ ಕೊಡೋಕೆ ಇಟ್ಕೊಳ್ಳಿ. ಸ್ಪಾನ್ಸರ್ ಸಿಕ್ಕಿದ್ರೆ ಮೊದಲ ದುಡ್ಡು ಇದಕ್ಕೇ ಹೋಗ್ಲಿ, ಸ್ಟೇಜಿಗೂ ಬ್ಯಾನರಿಗೂ ಅಲ್ಲ.

ಬ್ಯಾಟರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಅರ್ಧ ರೋಬೋಟ್ ಕೆಡೋದೇ ಇಲ್ಲಿ. ಮಕ್ಕಳು ಅಂಗಡಿಯಿಂದ ಚೌಕಾಕಾರದ 9 ವೋಲ್ಟ್ ಬ್ಯಾಟರಿ ತರ್ತಾರೆ, ಅದು ಎರಡು ಮೋಟರಿಗೆ ಬೇಕಾದಷ್ಟು ಕರೆಂಟ್ ಕೊಡಲ್ಲ, ಮೋಟರ್ ಶುರುವಾದ ಕೂಡ್ಲೇ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗತ್ತೆ, ಮಕ್ಕಳು ಕೋಡ್ ತಪ್ಪಿದೆ ಅಂದ್ಕೊಂಡು ರಾತ್ರಿಯೆಲ್ಲ ಕೂತಿರ್ತಾರೆ. 18650 ಸೆಲ್ (ರೀಚಾರ್ಜ್ ಆಗೋ ಲಿಥಿಯಂ ಸೆಲ್) ಎರಡನ್ನ ಸೀರೀಸಲ್ಲಿ ಹಾಕಿದ್ರೆ ಫುಲ್ ಚಾರ್ಜಲ್ಲಿ 8.4 ವೋಲ್ಟ್, ಎಲ್298ಎನ್ ಅದರಲ್ಲಿ ಸುಮಾರು 2 ವೋಲ್ಟ್ ನುಂಗಿದ್ರೂ ಮೋಟರಿಗೆ ಸಾಕಾಗುವಷ್ಟು ಸಿಗತ್ತೆ. ರೂಲಲ್ಲಿ ಹೀಗೆ ಬರೀರಿ: ಗರಿಷ್ಠ 8.4 ವೋಲ್ಟ್, ಮೆತ್ತಗಿನ ಪೌಚ್ ಥರದ ಲಿಪೊ ಬ್ಯಾಟರಿ ಬೇಡ, ಚಾರ್ಜಿಂಗ್ ಒಂದೇ ಟೇಬಲ್ಲಲ್ಲಿ, ಅಲ್ಲಿ ಯಾವಾಗಲೂ ದೊಡ್ಡೋರು ಒಬ್ರು ಕೂತಿರ್ಬೇಕು, ಪಕ್ಕದಲ್ಲಿ ಒಂದು ಬಕೆಟ್ ಮರಳು.

ಪಾಯಿಂಟ್ ಮತ್ತೆ ರೂಲ್ಸ್

ಒಟ್ಟು 100.

- ಊರು ಒಂದಕ್ಕೆ 10ರಂತೆ 5 ಊರಿಗೆ 50
- ಚಿಲ್ಲಿಂಗ್ ಸೆಂಟರ್ ಒಳಗೆ ಬಂದು ನಿಂತ್ರೆ 20
- ಮಕ್ಕಳ ಜೊತೆ ಮಾತುಕತೆಗೆ 20
- ಲಕೋಟೆ ಟಾಸ್ಕಿಗೆ 10 (ಇದೇನು ಅಂತ ಕೆಳಗೆ ಹೇಳ್ತೀನಿ)

ಟೈಮಿಗೆ ಪಾಯಿಂಟ್ ಇಲ್ಲ. ಇಬ್ಬರಿಗೆ ಸಮ ಬಂದಾಗ ಮಾತ್ರ ಟೈಮ್ ನೋಡೋದು. ಇದಕ್ಕೆ ಎಷ್ಟೋ ಜನ ಒಪ್ಪಲ್ಲ, ರೇಸ್ ಅಂದ್ಮೇಲೆ ಸ್ಪೀಡ್ ಇರ್ಬೇಕಲ್ವಾ ಅಂತಾರೆ, ಆದ್ರೆ ಸ್ಪೀಡಿಗೆ ಪಾಯಿಂಟ್ ಇಟ್ಟ ದಿನ ದುಬಾರಿ ಮೋಟರ್ ತಂದೋರು ಗೆಲ್ತಾರೆ, ಯೋಚನೆ ಮಾಡಿದೋರಲ್ಲ.

ಸ್ಟಾಪ್ ಲೆಕ್ಕ ಸ್ಪಷ್ಟ ಇರ್ಲಿ. ಪಟ್ಟಿ ಮೇಲೆ ಅಥವಾ ಪಟ್ಟಿಯಿಂದ 10 ಸೆಂಟಿಮೀಟರ್ ಒಳಗೆ ರೋಬೋಟಿನ ಯಾವುದಾದ್ರೂ ಭಾಗ ಇದ್ದು, 2ರಿಂದ 5 ಸೆಕೆಂಡ್ ಅಲ್ಲಾಡದೆ ನಿಂತಿದ್ರೆ 10 ಪಾಯಿಂಟ್. ಟಾಸ್ಕಲ್ಲಿ 3 ಸೆಕೆಂಡ್ ಅಂತಿದ್ರೂ ಎಣಿಸುವಾಗ 2ರಿಂದ 5 ಅಂತ ಸಡಿಲ ಬಿಟ್ಟಿರೋದು ಬೇಕಂತಲೇ. ಸ್ಟಾಪ್‌ವಾಚ್ ಹಿಡಿದಿರೋದು ಮನುಷ್ಯ, ಅವನ ಹೆಬ್ಬೆರಳು ಅರ್ಧ ಸೆಕೆಂಡ್ ತಡ ಮಾಡಿದ್ದಕ್ಕೆ ಒಂದು ಮಗು ಅಳಬಾರದು. ರೋಬೋಟ್ ಗೆರೆ ಬಿಟ್ಟು ಹೋದ್ರೆ ಟೀಮಿನವರು ಎತ್ತಿ, ಕೊನೇದಾಗಿ ದಾಟಿದ ಊರಿನ ಮುಂದೆ ಇಡ್ಬಹುದು, ಒಂದು ಓಟಕ್ಕೆ 3 ಸಲ, ಪಾಯಿಂಟ್ ಕಟ್ ಇಲ್ಲ, ಗಡಿಯಾರ ಮಾತ್ರ ನಿಲ್ಲಲ್ಲ. ಒಂದು ಓಟಕ್ಕೆ 3 ನಿಮಿಷ, ಪ್ರತಿ ಟೀಮಿಗೆ 2 ಓಟ, ಎರಡರಲ್ಲಿ ಚೆನ್ನಾಗಿ ಬಂದಿದ್ದು ಲೆಕ್ಕಕ್ಕೆ. ರೋಬೋಟಿನ ಅಳತೆ 25 ಸೆಂಟಿಮೀಟರ್ ಉದ್ದ ಅಗಲದೊಳಗೆ, ಒಂದು ರಟ್ಟಿನ ಪೆಟ್ಟಿಗೆ ಆ ಅಳತೆಗೆ ಮಾಡಿಟ್ರೆ ಟೇಪ್ ಹಿಡಿಯೋ ಕೆಲಸನೇ ಇಲ್ಲ, ಒಳಗೆ ಕೂತ್ರೆ ಪಾಸ್.

ಈಗ ಆ ಲಕೋಟೆ. ರೆಡಿಮೇಡ್ ರೋಬೋಟ್ ಕೊಂಡ್ಕೊಂಡು, ಯಾರೋ ಬರೆದ ಕೋಡ್ ಹಾಕ್ಕೊಂಡು ಬರೋರು ಇದ್ದೇ ಇರ್ತಾರೆ, ಅವರನ್ನ ಹಿಡಿಯೋಕೆ ಪೊಲೀಸ್ ಥರ ನಿಲ್ಲೋದು ಬೇಡ. ವರ್ಲ್ಡ್ ರೋಬೋಟ್ ಒಲಿಂಪಿಯಾಡಲ್ಲಿ ಸರ್‌ಪ್ರೈಸ್ ರೂಲ್ ಅಂತ ಸ್ಪರ್ಧೆಯ ದಿನವೇ ಹೇಳೋ ಒಂದು ಬದಲಾವಣೆ ಇರತ್ತೆ, ನಾವು ಅದನ್ನ ನಮ್ಮ ಕಥೆಗೆ ಹೊಂದಿಸ್ಕೊಂಡ್ವಿ. ಮೊದಲ ಓಟ ಮುಗಿದ ಮೇಲೆ ಎಲ್ಲರ ಮುಂದೆ ಲಕೋಟೆ ಒಡೆದು ಓದೋದು: ಇವತ್ತು ಮೂರನೇ ಊರಲ್ಲಿ ಹಾಲಿಲ್ಲ, ವ್ಯಾನ್ ನಿಲ್ಲದೆ ಮುಂದೆ ಹೋಗ್ಬೇಕು. ಕೋಡಲ್ಲಿ ಊರು ಎಣಿಸೋ ಒಂದು ವೇರಿಯಬಲ್ ಇದ್ರೆ ಒಂದು ಸಾಲಿನ ಕೆಲಸ. ಎರಡನೇ ಓಟದಲ್ಲಿ ನಿಲ್ಲದೆ ಹೋದ್ರೆ ಆ ಊರಿನ 10 ಜೊತೆಗೆ ಲಕೋಟೆಯ 10 ಕೂಡ. ಬದಲಾಯಿಸೋಕೆ ಆಗದೋರು ಹಿಂದಿನ ಥರನೇ ನಿಂತು ಹೋದ್ರೂ ಊರಿನ 10 ಸಿಗತ್ತೆ, ಯಾರಿಗೂ ನಷ್ಟ ಇಲ್ಲ. ಲಕೋಟೆಯ 10 ಮಾತ್ರ ಯಾವ ಓಟ ಲೆಕ್ಕಕ್ಕೆ ಬಂದ್ರೂ ಬೇರೆಯಾಗಿ ಸೇರತ್ತೆ ಅಂತ ರೂಲಲ್ಲಿ ಬರೆದುಬಿಡಿ, ಇಲ್ಲಾಂದ್ರೆ ಆ ಪ್ರಶ್ನೆ ಬಂದೇ ಬರತ್ತೆ.

ರೂಲ್ಸ್ ಕನ್ನಡದಲ್ಲೂ ಇಂಗ್ಲಿಷಲ್ಲೂ ಇರ್ಲಿ, ಕನ್ನಡ ಮೊದಲು. ಎರಡು ಪುಟ ದಾಟ್ಬಾರದು, ಟ್ರ್ಯಾಕಿನ ಅಳತೆ ಸಮೇತ ಚಿತ್ರ ಮೂರನೇ ಪುಟ. ಬರೆದ ಮೇಲೆ ಒಬ್ಬ ಎಂಟನೇ ಕ್ಲಾಸಿನ ಮಗುವಿಗೆ ಕೊಟ್ಟು ಓದಿಸಿ, ಅದು ಕೇಳೋ ಪ್ರಶ್ನೆನೇ ನಿಮ್ಮ ರೂಲ್ಸಿನ ತೂತು.

ತಾರೀಖು, ಪತ್ರ, ಬಸ್ಸು

ಜೂನಿಂದ ಸೆಪ್ಟೆಂಬರ್ ಮಳೆ, ನಡುವೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ದಸರಾ ರಜೆ. ಜನವರಿಯಿಂದ ಎಸ್ಸೆಸ್ಸೆಲ್ಸಿ ಮಕ್ಕಳನ್ನ ಯಾರೂ ಬಿಡಲ್ಲ. ಉಳಿಯೋದು ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರ, ಆಮೇಲೆ ಶಾಲೆಗಳು ಪ್ರವಾಸಕ್ಕೆ ಹೊರಡ್ತವೆ. ಅದಕ್ಕೆ ಸರಿಯಾಗಿ ಜುಲೈಲಿ ಟ್ರ್ಯಾಕ್ ಡಿಸೈನ್, ಆಗಸ್ಟಲ್ಲಿ ನಿಮ್ಮ ರೋಬೋಟ್ ಓಡಿಸಿ ನೋಡೋದು, ಸೆಪ್ಟೆಂಬರ್ 15ರ ಇಂಜಿನಿಯರ್ಸ್ ಡೇ ದಿನ ರೂಲ್ಸ್ ಬಿಡುಗಡೆ. ವಿಶ್ವೇಶ್ವರಯ್ಯನವರ ಹುಟ್ಟಿದ ದಿನ ಹೇಗಿದ್ರೂ ಶಾಲೆಗಳಲ್ಲಿ ಮಾತಾಡ್ತಾರೆ, ಅವತ್ತು ಒಂದು ಕೆಲಸನೂ ಶುರುವಾಗ್ಲಿ.

ಬಿಇಓ ಆಫೀಸಿಗೆ ಮೊದಲೇ ಹೋಗಿ ಪತ್ರ ಕೊಡಿ. ಅಲ್ಲಿಂದ ಶಾಲೆಗಳಿಗೆ ಒಂದು ಸುತ್ತೋಲೆ ಹೋದ್ರೆ ಹೆಡ್‌ಮಾಸ್ಟರಿಗೆ ಧೈರ್ಯ ಬರತ್ತೆ, ಜೊತೆಗೆ ಬರೋ ಮೇಷ್ಟ್ರಿಗೆ ಓಓಡಿ (ಹೊರಗಿನ ಕೆಲಸಕ್ಕೆ ಹೋದ್ರೂ ಡ್ಯೂಟಿ ಮೇಲಿದ್ದ ಲೆಕ್ಕ) ಸಿಗತ್ತೆ. ಓಓಡಿ ಇಲ್ಲದೆ ಸ್ವಂತ ರಜೆ ಹಾಕಿ ಬನ್ನಿ ಅನ್ನೋದು ತಪ್ಪು, ಆ ಮೇಷ್ಟ್ರು ಮುಂದಿನ ವರ್ಷ ಬರಲ್ಲ. ಟೈಮಿಂಗ್ ಬಸ್ ನೋಡಿ ಇಡಿ. ದೂರದ ಊರಿನ ಮೊದಲ ಬಸ್ ಎಷ್ಟಕ್ಕೆ ಬರತ್ತೆ, ಸಂಜೆ ಕೊನೇ ಬಸ್ ಎಷ್ಟಕ್ಕೆ ಅಂತ ಬಸ್ ಸ್ಟ್ಯಾಂಡಲ್ಲಿ ಕೇಳ್ಕೊಂಡು ಬನ್ನಿ. ನಮ್ಮದು 9.30ಕ್ಕೆ ಶುರು, 4ಕ್ಕೆ ಗೇಟ್ ಹೊರಗೆ. ಹೆಣ್ಮಕ್ಕಳಿಗೆ ಶಕ್ತಿ ಯೋಜನೆಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಕೊಂಡು ಬರೋಕೆ ಹೇಳಿ, ಗಂಡುಮಕ್ಕಳ ಬಸ್ ಚಾರ್ಜ್ ನಿಮ್ಮ ಬಜೆಟ್ಟಲ್ಲಿ ಸೇರಿಸಿ.

ಸ್ಪರ್ಧೆಗೆ ಒಂದು ತಿಂಗಳ ಮುಂಚೆ ಎರಡು ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ಮಾಡಿ, ಶನಿವಾರ ಅರ್ಧ ದಿನ ಶಾಲೆ ಅಲ್ವಾ. ಮೊದಲ ವಾರ ವೈರಿಂಗ್ ಮತ್ತೆ ಮೋಟರ್ ತಿರುಗಿಸೋದು, ಎರಡನೇ ವಾರ ಸೆನ್ಸರ್. ಸೆನ್ಸರ್ ಮಾಡ್ಯೂಲ್ ಮೇಲಿರೋ ನೀಲಿ ಪೊಟೆನ್ಶಿಯೋಮೀಟರನ್ನ ಸಣ್ಣ ಸ್ಕ್ರೂಡ್ರೈವರಲ್ಲಿ ತಿರುಗಿಸಿ ಕಪ್ಪು ಬಿಳಿ ಬೇರೆ ಮಾಡೋದು, ಸೆನ್ಸರ್ ಹಲಗೆಯಿಂದ ಒಂದು ಸೆಂಟಿಮೀಟರ್ ಒಳಗೇ ಇರೋ ಹಾಗೆ ಕೂರಿಸೋದು, ಐಆರ್ ಎಲ್ಇಡಿ ಉರೀತಿದ್ಯಾ ಅಂತ ಮೊಬೈಲ್ ಕ್ಯಾಮೆರಾ ಹಿಡಿದು ನೋಡೋದು. ಕಣ್ಣಿಗೆ ಕಾಣದ ಬೆಳಕು ಫೋನಲ್ಲಿ ನೇರಳೆ ಚುಕ್ಕಿಯಾಗಿ ಕಂಡಾಗ ಇಡೀ ಕ್ಲಾಸ್ ಒಂದೇ ಫೋನಿಗೆ ಮುತ್ಕೊಳ್ಳತ್ತೆ.

ಹಾಲ್

ದೊಡ್ಡದಿರೋದಕ್ಕಿಂತ ಕತ್ತಲೆ ಮಾಡೋಕೆ ಆಗೋ ಹಾಲ್ ಮುಖ್ಯ. ನಮ್ಮ ಮೊದಲ ವರ್ಷ ಬೆಳಿಗ್ಗೆ ಚೆನ್ನಾಗಿ ಓಡಿದ ರೋಬೋಟ್‌ಗಳು ಮಧ್ಯಾಹ್ನ ಒಂದೊಂದಾಗಿ ದಾರಿ ತಪ್ಪೋಕೆ ಶುರು ಮಾಡಿದ್ವು, ಅದೂ ಎರಡನೇ ಟ್ರ್ಯಾಕಿನ ಒಂದೇ ಜಾಗದಲ್ಲಿ, ನಾಲ್ಕನೇ ಊರಿನ ಹತ್ತಿರ. ಬ್ಯಾಟರಿ ಇರ್ಬೇಕು ಅಂದ್ವಿ, ಕೋಡ್ ಅಂದ್ವಿ. ಆಮೇಲೆ ಒಬ್ಳು ಹುಡುಗಿ ಟ್ರ್ಯಾಕ್ ಪಕ್ಕ ಕೂತೋಳು, ಸಾರ್ ಇಲ್ಲಿ ಹಲಗೆ ಬಿಸಿ ಇದೆ ಅಂದ್ಳು. ಪಶ್ಚಿಮದ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟೆ ಬಂದು ಸರಿಯಾಗಿ ಅಲ್ಲೇ ಬಿದ್ದಿತ್ತು. ಬಿಸಿಲಲ್ಲಿ ಇನ್‌ಫ್ರಾರೆಡ್ ತುಂಬಿರತ್ತೆ, ಸೆನ್ಸರಿಗೆ ಕಪ್ಪು ಗೆರೆನೂ ಬಿಳಿನೇ. ಅಲ್ಲಿ ದಾರಿ ತಪ್ಪಿದ ಮೂರು ಟೀಮಿಗೆ ಮತ್ತೆ ಓಟ ಕೊಟ್ವಿ, ಕಿಟಕಿಗೆ ಜಮಖಾನ ಕಟ್ಟಿದ್ವಿ. ಅದಕ್ಕೇ ಹೇಳೋದು, ಒಂದು ವಾರ ಮುಂಚೆ ಹಾಲಿಗೆ ಹೋಗಿ, ಬೆಳಿಗ್ಗೆ 10ಕ್ಕೆ ಒಂದು ಸಲ, ಮಧ್ಯಾಹ್ನ 3ಕ್ಕೆ ಒಂದು ಸಲ ಟ್ರ್ಯಾಕ್ ಇಡೋ ಜಾಗದಲ್ಲೇ ನಿಂತು ನೋಡಿ. ವಿಡಿಯೋದವರು ಹ್ಯಾಲೋಜನ್ ಲೈಟ್ ತಂದ್ರೆ ಅದೂ ಇದೇ ತೊಂದರೆ ಮಾಡತ್ತೆ, ಟ್ರ್ಯಾಕ್ ಕಡೆ ಬೇಡ ಅಂತ ಮೊದಲೇ ಹೇಳಿಬಿಡಿ.

ಕರೆಂಟ್ ಹೋದ್ರೆ ರೋಬೋಟಿಗೇನೂ ಆಗಲ್ಲ, ಲ್ಯಾಪ್‌ಟಾಪಿಗೆ ಆಗತ್ತೆ. ಯುಪಿಎಸ್ ಅಥವಾ ಜನರೇಟರ್ ಲೈನಿಂದ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಎಳೆದಿಡಿ. 4 ಲ್ಯಾಪ್‌ಟಾಪಲ್ಲಿ ಆರ್ಡುಯಿನೊ ಐಡಿಇ (ಕೋಡ್ ಬರೆದು ಬೋರ್ಡಿಗೆ ಕಳಿಸೋ ಸಾಫ್ಟ್‌ವೇರ್) ಜೊತೆಗೆ ಸಿಎಚ್340 ಅನ್ನೋ ಯುಎಸ್‌ಬಿ ಚಿಪ್ಪಿನ ಡ್ರೈವರ್ ಹಾಕಿಟ್ಟಿರಿ, ಕಮ್ಮಿ ಬೆಲೆಯ ಊನೊ ಬೋರ್ಡ್‌ಗಳಲ್ಲಿ ತುಂಬಾ ಕಡೆ ಆ ಚಿಪ್ಪೇ ಇರೋದು, ಡ್ರೈವರ್ ಇಲ್ಲದಿದ್ರೆ ಎಷ್ಟೋ ಸಲ ಪೋರ್ಟೇ ಕಾಣಲ್ಲ. ಯುಎಸ್‌ಬಿ ಕೇಬಲ್ ಜಾಸ್ತಿ ಇಟ್ಕೊಳ್ಳಿ, ಅದು ಎಲ್ಲರೂ ಮರೆತು ಬರೋ ವಸ್ತು.

ಆ ದಿನದ ಲೆಕ್ಕ

65 ಎಂಎಂ ವೀಲಿನ ಸುತ್ತಳತೆ ಸುಮಾರು 20 ಸೆಂಟಿಮೀಟರ್. ಮೋಟರ್ ನಿಮಿಷಕ್ಕೆ 150 ಸುತ್ತು ತಿರುಗಿದ್ರೆ ಸೆಕೆಂಡಿಗೆ ಅರ್ಧ ಮೀಟರ್, ಆದ್ರೆ ಗೆರೆ ಹಿಡಿದು ಅಲ್ಲಾಡ್ತಾ ಹೋಗುವಾಗ ಅದರ ಅರ್ಧ ಅಂದ್ಕೊಳ್ಳಿ. 8 ಮೀಟರಿಗೆ 32 ಸೆಕೆಂಡ್, 5 ಊರಿಗೆ 15 ಸೆಕೆಂಡ್, ಚೆನ್ನಾಗಿರೋ ರೋಬೋಟ್ ಒಂದು ನಿಮಿಷದೊಳಗೆ ಮುಗಿಸತ್ತೆ. ಕಷ್ಟಪಡೋರಿಗೆ 3 ನಿಮಿಷ, ತಯಾರಿಗೆ 2, ಹಾಗಾಗಿ ಒಂದು ಓಟಕ್ಕೆ 5 ನಿಮಿಷದ ಸ್ಲಾಟ್. 24 ಟೀಮ್, 2 ಟ್ರ್ಯಾಕ್, ಒಂದು ಸುತ್ತಿಗೆ ಸರಿಯಾಗಿ ಒಂದು ಗಂಟೆ. ಒಂದೇ ಟ್ರ್ಯಾಕ್ ಇದ್ದಿದ್ರೆ ಎರಡು ಸುತ್ತಿಗೆ ನಾಲ್ಕು ಗಂಟೆ ಆಗ್ತಿತ್ತು, ಊಟನೂ ಇಲ್ಲ ಬಸ್ಸೂ ಇಲ್ಲ.

9.30ಕ್ಕೆ ನೋಂದಣಿ ಮತ್ತೆ ತಿಂಡಿ, 10ರಿಂದ 11.15 ತಪಾಸಣೆ, ಪ್ರಾಕ್ಟೀಸ್, ಮಾತುಕತೆ ಮೂರೂ ಒಟ್ಟಿಗೆ ನಡೀತಿರತ್ತೆ. 11.15ಕ್ಕೆ ಮೊದಲ ಸುತ್ತು, 12.15ಕ್ಕೆ ಲಕೋಟೆ, ಆಮೇಲೆ ಊಟ ಮತ್ತೆ ಕೋಡ್ ಬದಲಾವಣೆ, 1.45ಕ್ಕೆ ಎಲ್ಲಾ ರೋಬೋಟ್ ಒಂದು ಟೇಬಲ್ ಮೇಲೆ ಬಂದಿರ್ಬೇಕು, ಅಲ್ಲಿಂದ ಯಾರೂ ಮುಟ್ಟೋ ಹಾಗಿಲ್ಲ, ಎರಡನೇ ಸುತ್ತು 2.45ಕ್ಕೆ ಮುಗಿಯತ್ತೆ. ಉದ್ಘಾಟನೆ ಭಾಷಣ ಎಲ್ಲಿ ಅಂತ ಕೇಳ್ಬೇಡಿ, ಗಣ್ಯರು ಬಂದ್ರೆ ಟ್ರ್ಯಾಕ್ ಪಕ್ಕ ಕೂರಿಸಿ ರೋಬೋಟ್ ತೋರಿಸಿ, 3.15ಕ್ಕೆ ಬಹುಮಾನದ ಹೊತ್ತಲ್ಲಿ ಮಾತಾಡ್ಲಿ.

ಮಾತುಕತೆಗೆ ಎರಡು ಪ್ಯಾನೆಲ್, ಒಂದು ಟೀಮಿಗೆ 6 ನಿಮಿಷ, ಅಲ್ಲಿಗೆ 72 ನಿಮಿಷ, 10ರಿಂದ 11.15ರ ಒಳಗೆ ಮುಗಿಯತ್ತೆ. ಡಿಪ್ಲೊಮಾ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದಕ್ಕೆ ಬಹಳ ಚೆನ್ನಾಗಿ ಹೊಂದ್ತಾರೆ, ಆದ್ರೆ ಪಿಡಬ್ಲ್ಯೂಎಂ (ಕೋಡಿಂದ ಮೋಟರ್ ಸ್ಪೀಡ್ ಹೆಚ್ಚು ಕಮ್ಮಿ ಮಾಡೋ ವಿಧಾನ) ಅಂದ್ರೇನು ಅಂತ ವ್ಯಾಖ್ಯಾನ ಕೇಳೋದು ಬೇಡ ಅಂತ ಹೇಳಿರಿ. ಈ ವೈರ್ ಕಿತ್ರೆ ಏನಾಗತ್ತೆ? ನಿಮ್ಮ ರೋಬೋಟ್ ಮೊದಲ ಸಲ ಕೆಟ್ಟಿದ್ದು ಯಾವಾಗ, ಏನು ಮಾಡಿದ್ರಿ? ಈ ಎರಡು ಪ್ರಶ್ನೆ ಸಾಕು, ಕೈ ಇಟ್ಟು ಕೆಲಸ ಮಾಡಿದೋರು ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗತ್ತೆ. ನಾಲ್ಕೂ ಮಕ್ಕಳು ಮಾತಾಡ್ಬೇಕು, ಕನ್ನಡದಲ್ಲಿ ಮಾತಾಡಿದ್ರೆ ಒಂದು ಪಾಯಿಂಟೂ ಕಮ್ಮಿ ಆಗಬಾರದು. ಮೇಷ್ಟ್ರುಗಳಿಗೆ ನೆಲದ ಮೇಲೆ ಒಂದು ಹಗ್ಗ, ಅದರಾಚೆ ಕುರ್ಚಿ ಮತ್ತೆ ಕಾಫಿ, ಸ್ಪರ್ಧೆ ನಡೆಯುವಾಗ ರೋಬೋಟ್ ಮುಟ್ಟೋದು ಮಕ್ಕಳು ಮಾತ್ರ.

ಪ್ರತಿ ಟ್ರ್ಯಾಕಿಗೆ ಮೂರು ಜನ: ಒಬ್ರು ರೆಫರಿ, ಒಬ್ರು ಸ್ಟಾಪ್‌ವಾಚ್, ಒಬ್ರು ಸ್ಕೋರ್ ಶೀಟ್. ಓಟ ಮುಗಿದ ತಕ್ಷಣ ಶೀಟನ್ನ ಟೀಮ್ ಕ್ಯಾಪ್ಟನ್‌ಗೆ ತೋರಿಸಿ ಸಹಿ ತಗೊಳ್ಳಿ. ಆಕ್ಷೇಪಣೆ ಇದ್ರೆ ಕ್ಯಾಪ್ಟನ್ ಒಬ್ರೇ ಹೇಳ್ಬೇಕು, ಸಹಿ ಹಾಕೋಕೆ ಮುಂಚೆ. ಪೋಷಕರು ಫೋನಲ್ಲಿ ತೆಗೆದ ವಿಡಿಯೋ ಲೆಕ್ಕಕ್ಕಿಲ್ಲ ಅಂತ ರೂಲಲ್ಲೇ ಹಾಕಿ. ಅನುಮಾನ ಬಂದ್ರೆ ರೆಫರಿ ಮಗುವಿನ ಪರ ಕೊಡ್ಲಿ.

ಟ್ರ್ಯಾಕ್ ಪಕ್ಕ ಒಂದು ರಿಪೇರಿ ಟೇಬಲ್ ಇಡಿ, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಜಂಪರ್ ವೈರ್, ಒಂದೆರಡು ಬಿಒ ಮೋಟರ್. ನಾನು ಈ ಕೆಲಸ ಬಿಡದೆ ಮಾಡೋಕೆ ಕಾರಣ ಆ ಟೇಬಲ್ ಹತ್ತಿರ ಕಂಡ ಒಂದು ಘಟನೆ. ಒಂದು ಹಳ್ಳಿ ಶಾಲೆಯ ರೋಬೋಟ್ ಪ್ರಾಕ್ಟೀಸಲ್ಲಿ ತಿರುವು ಬಂದಾಗೆಲ್ಲ ಜಾರ್ತಿತ್ತು, ಇಬ್ರು ಹುಡುಗರು ಕೋಡಲ್ಲಿ ಬರೆಯೋ ಸ್ಪೀಡ್ ನಂಬರ್ ಕಮ್ಮಿ ಮಾಡ್ತಾ ಕೂತಿದ್ರು, 150 ಇತ್ತು, 120 ಮಾಡಿದ್ರು, 90 ಮಾಡಿದ್ರು, 90ಕ್ಕೆ ಮೋಟರೇ ತಿರುಗ್ತಿಲ್ಲ. ಪಕ್ಕದ ಟೀಮಿನ ಹುಡುಗಿ, ಅವರಿಗೆ ಪೈಪೋಟಿ ಕೊಡ್ತಿರೋ ಟೀಮೇ, ಸುಮ್ನೆ ಬಗ್ಗಿ ಅವರ ಟೈರ್ ಮೇಲೆ ಬೆರಳು ಸವರಿದ್ಳು, ಬೆರಳ ತುದಿಗೆ ಬೂದು ಬಣ್ಣದ ಧೂಳು. ನೀರಿನ ಬಾಟಲಿಂದ ಕರ್ಚೀಫ್ ಒದ್ದೆ ಮಾಡಿ ಎರಡೂ ಟೈರ್ ಒರೆಸಿ, ಒಣಗಿಸಿ ಕೊಟ್ಳು. ಸ್ಪೀಡ್ ಮತ್ತೆ 150ಕ್ಕೆ ಹೋಯ್ತು, ರೋಬೋಟ್ ಐದೂ ಊರು ಮುಗಿಸ್ತು. ಆವತ್ತಿಂದ ಎರಡು ಕೆಲಸ ತಪ್ಪದೆ ಮಾಡ್ತೀವಿ: ಪ್ರತಿ ಟ್ರ್ಯಾಕ್ ಪಕ್ಕ ಒದ್ದೆ ಬಟ್ಟೆ ಒಂದು ಒಣ ಬಟ್ಟೆ ಒಂದು, ಇನ್ನೊಂದು ಟೀಮಿಗೆ ಸಹಾಯ ಮಾಡಿದವರಿಗೆ ಒಂದು ಬೇರೆ ಬಹುಮಾನ. ಅದನ್ನ ಜಡ್ಜ್ ಆರಿಸೋದಲ್ಲ, ಎಲ್ಲಾ ಟೀಮೂ ಚೀಟಿಲಿ ಬೇರೆ ಟೀಮಿನ ಒಬ್ಬರ ಹೆಸರು ಬರೆದು ಡಬ್ಬಕ್ಕೆ ಹಾಕ್ತಾರೆ.

ಬಹುಮಾನ, ಆಮೇಲಿನ ಕೆಲಸ

ದೊಡ್ಡ ಟ್ರೋಫಿ ಬೇಡ, ಹೆಡ್‌ಮಾಸ್ಟರ್ ರೂಮಿನ ಬೀರು ಸೇರತ್ತೆ. ಗೆದ್ದ ಟೀಮಿಗೆ ಸಾಮಾನೇ ಕೊಡಿ, ಅಲ್ಟ್ರಾಸೋನಿಕ್ ಸೆನ್ಸರ್, ಸರ್ವೊ ಮೋಟರ್, ಒಂದು ಒಳ್ಳೇ ಟೂಲ್ ಕಿಟ್. ಸರ್ಟಿಫಿಕೇಟ್ ಎಲ್ಲಾ 96 ಮಕ್ಕಳಿಗೂ, ಅದರಲ್ಲಿ ಅವರ ಟೀಮ್ ಎಷ್ಟು ಊರು ಮುಗಿಸ್ತು ಅಂತ ಬರೆದಿರ್ಲಿ. ಹೆಸರನ್ನ ನೋಂದಣಿ ಫಾರಂ ಮೇಲೆ ಮಗುವಿನ ಕೈಲೇ ಕನ್ನಡದಲ್ಲಿ ಬರೆಸ್ಕೊಂಡು ಹಾಗೇ ಪ್ರಿಂಟ್ ಹಾಕ್ಸಿ, ಇಂಗ್ಲಿಷಿಂದ ಕನ್ನಡಕ್ಕೆ ಮಾಡಿದ್ರೆ ಅರ್ಧ ಹೆಸರು ತಪ್ಪಾಗತ್ತೆ.

ಊಟದ ಲೆಕ್ಕ: ಮಕ್ಕಳು 96, ಮೇಷ್ಟ್ರು 24, ನಿಮ್ಮ ಕಡೆಯವರು 25, ಒಟ್ಟು 145, 155ಕ್ಕೆ ಹೇಳಿ.

ಅವತ್ತು ರಾತ್ರಿನೇ ಎಲ್ಲಾ ಟೀಮಿನ ಪೂರ್ತಿ ಸ್ಕೋರ್, ಊರು ಊರಿನ ಲೆಕ್ಕ ಸಮೇತ, ಎಲ್ಲಾ ಶಾಲೆಗಳಿಗೂ ಕಳಿಸಿ. ಕಡ ಕೊಟ್ಟ ಕಿಟ್‌ಗಳನ್ನ ವಾಪಸ್ ಕೇಳೋ ಅವಸರ ಬೇಡ, ಮಾರ್ಚ್‌ವರೆಗೂ ಅಲ್ಲೇ ಇರ್ಲಿ. ಹಲಗೆಗಳ ಹಿಂದೆ ಎ1, ಎ2, ಬಿ1, ಬಿ2 ಅಂತ ದೊಡ್ಡದಾಗಿ ಬರೆದು, ಯಾವುದರ ಪಕ್ಕ ಯಾವುದು ಅಂತ ಬಾಣದ ಗುರುತು ಹಾಕಿ, ಬಣ್ಣ ಬಳಿದ ಮುಖಗಳ ಮಧ್ಯೆ ಹಳೇ ಬೆಡ್‌ಶೀಟ್ ಹಾಕಿ ಕಟ್ಟಿ. ಒಂದು ಜೊತೆ ನಿಮ್ಮ ಹತ್ತಿರ ಇರ್ಲಿ, ಇನ್ನೊಂದು ಜೊತೆಯನ್ನ ಲ್ಯಾಬ್ ಇಲ್ಲದ ಯಾವುದಾದ್ರೂ ಶಾಲೆಗೆ ಅದೇ ಟೆಂಪೊದಲ್ಲಿ ಕಳಿಸಿಬಿಡಿ, ಗೋಡೆಗೆ ಒರಗಿಸಿಡೋಕೆ ಒಂದು ಒಣಗಿರೋ ಮೂಲೆ ಇದ್ರೆ ಸಾಕು ಅಂತ ಹೆಡ್‌ಮಾಸ್ಟರಿಗೆ ಮೊದಲೇ ಫೋನ್ ಮಾಡಿ ಹೇಳಿ.